ದುರ್ಬಲ ಶರೀರಕ್ಕೆ ಲಸಿಕೆಯ ರಕ್ಷೆ

(ಶ್ರೀಮಠದ ಮಹೋತ್ಸವದ ಅಂಗವಾಗಿ ಬಂಗಾರಪೇಟೆ ಮತ್ತು ಚಿನ್ನದ ಗಣಿ ಪ್ರದೇಶದ ಸದ್ಭಕ್ತರ ಸಭೆಯಲ್ಲಿ ನಡೆದ ಉಪನ್ಯಾಸ)

|| ಶ್ರೀ ಗುರುಬಸವಲಿಂಗಾಯ ನಮಃ ||



ಮಹೋತ್ಸವದ ಸಭೆಗಳಲ್ಲಿ ಗುರುಮಹಿಮೆಯನ್ನೂ ಶರಣರ ಚರಿತ್ರೆಯನ್ನೂ ಕುರಿತು ಮಾತನಾಡುವುದು ರೂಢಿ. ಈ ಹೊತ್ತಿನ ಉಪನ್ಯಾಸದ ವಿಷಯವು ಅದಕ್ಕಿಂತ ಸ್ವಲ್ಪ ಭಿನ್ನವಾದುದು. ರೋಗವನ್ನು ತಡೆಯುವ ಶಕ್ತಿಯು ಕುಂದಿದ ಶರೀರವುಳ್ಳವರು ಲಸಿಕೆಯನ್ನು ಹಾಕಿಸಿಕೊಳ್ಳುವುದು ಯುಕ್ತವೋ ಅಲ್ಲವೋ, ಯುಕ್ತವಾದರೆ ಯಾವ ಕ್ರಮದಿಂದ, ಯಾವ ಎಚ್ಚರಿಕೆಯಿಂದ ಎಂಬುದೇ ಆ ವಿಷಯ. ಧರ್ಮಸಭೆಗೂ ಸೂಜಿಮದ್ದಿಗೂ ಏನು ಸಂಬಂಧವೆಂದು ಕೆಲವರು ಕೇಳಬಹುದು. ಉತ್ತರವು ಶರಣಧರ್ಮದಲ್ಲಿಯೇ ಉಂಟು. ಇಷ್ಟಲಿಂಗವನ್ನು ಧರಿಸುವುದು ಈ ಕಾಯದ ಮೇಲೆ. ಅದನ್ನು ಅಂಗೈಯಲ್ಲಿರಿಸಿ ಪೂಜಿಸುವುದು ಈ ಕಾಯದಿಂದ. ಕಾಯಕವೂ ದಾಸೋಹವೂ ನಡೆಯುವುದು ಈ ಕಾಯವು ನಿಂತಿರುವವರೆಗೆ. ಮಠದ ಗೋಡೆಯು ಬಿರುಕುಬಿಟ್ಟರೆ ಮಳೆಗಾಲಕ್ಕೆ ಮುಂಚೆಯೇ ಗಾರೆ ಹಾಕಿಸುವ ಭಕ್ತನು, ತನ್ನ ಮನೆಯ ವೃದ್ಧರ ಶರೀರವು ಬಿರುಕುಬಿಟ್ಟಿರುವುದನ್ನು ಕಂಡೂ ಸುಮ್ಮನಿರುವನಾದರೆ ಅದು ಭಕ್ತಿಯ ಲಕ್ಷಣವೆಂದು ಹೇಳಲಾಗದು.

ಈ ಮಾತನ್ನು ಈ ಸೀಮೆಯಲ್ಲಿ ಆಡುವುದಕ್ಕೆ ವಿಶೇಷವಾದ ಕಾರಣವೂ ಉಂಟು. ಹಿಂದೆ ಬೌರಿಂಗ್‌ಪೇಟೆಯೆನಿಸಿಕೊಂಡಿದ್ದ ಈ ಬಂಗಾರಪೇಟೆಯಿಂದ ಗಣಿಗಳಿಗೆ 1894ರಲ್ಲಿ ರೈಲುದಾರಿಯು ತೆರೆಯಿತು. ಅದಕ್ಕೂ ಮುಂಚೆ, 1880ರಲ್ಲಿ, ಜಾನ್ ಟೇಲರ್ ಕಂಪನಿಯವರು ಗಣಿಗಾರಿಕೆಗೆ ಕೈಹಾಕಿದ್ದರು. 1902ರಲ್ಲಿ ಶಿವನಸಮುದ್ರದ ವಿದ್ಯುಚ್ಛಕ್ತಿಯು ಇಲ್ಲಿಗೆ ಬಂದಿತು. ಚಾಂಪಿಯನ್ ರೀಫ್ ಗಣಿಯು ಇಳಿಯುತ್ತಾ ಇಳಿಯುತ್ತಾ ಮೂರು ಕಿಲೋಮೀಟರಿಗೂ ಮಿಗಿಲಾದ ಆಳವನ್ನು ಮುಟ್ಟಿ, ಲೋಕದ ಅತ್ಯಂತ ಆಳವಾದ ಗಣಿಗಳ ಪಂಕ್ತಿಯಲ್ಲಿ ಸೇರಿತು. 2001ನೆಯ ಇಸವಿ ಫೆಬ್ರವರಿ 28ರಂದು ಗಣಿಗಳು ಮುಚ್ಚಿದುವು. ಚಿನ್ನವು ಹೊರದೇಶಗಳಿಗೆ ಹೋಯಿತು, ಕಂಪನಿಯೂ ಹೋಯಿತು, ಗಣಿಯಲ್ಲಿ ದುಡಿದವರ ಎದೆಯೊಳಗೆ ಸೇರಿದ ಕಲ್ಲಿನ ಧೂಳು ಮಾತ್ರ ಅಲ್ಲಿಯೇ ಉಳಿಯಿತು.

ಆ ಧೂಳಿನ ವಿಚಾರವನ್ನು ಸ್ವಲ್ಪ ವಿಸ್ತರಿಸುವುದು ಅವಶ್ಯ. ಚಿನ್ನದ ಅದಿರು ಬೆಣಚುಕಲ್ಲಿನ ನಾಳಗಳಲ್ಲಿ ಅಡಗಿರುವುದು. ಆ ಕಲ್ಲನ್ನು ಕೊರೆಯುವಾಗ, ಸಿಡಿಸುವಾಗ, ಕುಟ್ಟುವಾಗ ಏಳುವ ನುಣುಪಾದ ಧೂಳು ಶ್ವಾಸಕೋಶದ ತುದಿಯನ್ನು ಮುಟ್ಟುವುದು. ದೇಹವನ್ನು ಕಾಯುವ ಕಣಗಳು ಅದನ್ನು ನುಂಗಲು ಯತ್ನಿಸಿ ತಾವೇ ಸಾಯುವುವು. ಆ ಜಾಗದಲ್ಲಿ ಗಾಯದ ಕಲೆಯಂತಹ ಗಡಸು ಗಂಟುಗಳು ಬೆಳೆಯುವುವು. ಇದನ್ನೇ ಸಿಲಿಕೋಸಿಸ್ ಎನ್ನುವರು. 1940ರಿಂದ ಮುಂದಿನ ಕೆಲವು ವರ್ಷಗಳಲ್ಲಿ ಈ ಗಣಿಗಳ ಏಳು ಸಾವಿರಕ್ಕೆ ಮೇಲ್ಪಟ್ಟ ಕೆಲಸಗಾರರನ್ನು ವೈದ್ಯರು ಪರೀಕ್ಷಿಸಿದಾಗ ನೂರರಲ್ಲಿ ನಲವತ್ತಕ್ಕೂ ಹೆಚ್ಚು ಮಂದಿಯಲ್ಲಿ ಈ ವ್ಯಾಧಿಯು ಕಂಡುಬಂದಿತು. ಭಾರತದಲ್ಲಿ ಸಿಲಿಕೋಸಿಸ್ಸಿನ ಮೊದಲ ದೊಡ್ಡ ವರದಿಯು ಹೊರಟದ್ದೇ ಈ ನೆಲದಿಂದ. ಕಾವಲುಕಣಗಳು ಹೀಗೆ ನಾಶವಾದ ಶ್ವಾಸಕೋಶಕ್ಕೆ ಕ್ಷಯವೂ ನ್ಯುಮೋನಿಯವೂ ಸುಲಭವಾಗಿ ಅಂಟುವುವು. ಗಣಿಯನ್ನು ಬಿಟ್ಟು ಎಷ್ಟು ವರ್ಷವಾದರೂ ಈ ದೌರ್ಬಲ್ಯವು ಬಿಟ್ಟುಹೋಗುವುದಿಲ್ಲ.

ಗಣಿಯ ಮುದುಕರು ಮಾತ್ರವೇ ದುರ್ಬಲರೆಂದು ತಿಳಿಯಲಾಗದು. ಬಹುಕಾಲದಿಂದ ಸಕ್ಕರೆಕಾಯಿಲೆಯುಳ್ಳವರು, ಮೂತ್ರಪಿಂಡವು ಕೆಟ್ಟು ವಾರವಾರವೂ ಯಂತ್ರದಿಂದ ರಕ್ತವನ್ನು ಶುದ್ಧಿಮಾಡಿಸಿಕೊಳ್ಳುವವರು, ಬೇರೊಬ್ಬರ ಮೂತ್ರಪಿಂಡವನ್ನು ಕಸಿಮಾಡಿಸಿಕೊಂಡವರು, ಅರ್ಬುದರೋಗಕ್ಕೆ ತೀಕ್ಷ್ಣವಾದ ಔಷಧಗಳನ್ನು ಪಡೆಯುತ್ತಿರುವವರು, ಕೀಲುನೋವು ಅಥವಾ ಉಬ್ಬಸಕ್ಕಾಗಿ ಸ್ಟಿರಾಯ್ಡ್ ಗುಳಿಗೆಗಳನ್ನು ತಿಂಗಳುಗಟ್ಟಲೆ ಸೇವಿಸುವವರು, ಎಚ್.ಐ.ವಿ. ಸೋಂಕುಳ್ಳವರು, ಯಾವುದೋ ಕಾರಣದಿಂದ ಗುಲ್ಮವನ್ನು ತೆಗೆಸಿಕೊಂಡವರು, ಹುಟ್ಟಿನಿಂದಲೇ ಈ ಶಕ್ತಿಯು ಕಡಮೆಯಾಗಿರುವ ಮಕ್ಕಳು — ಇವರೆಲ್ಲರೂ ಈ ವರ್ಗಕ್ಕೆ ಸೇರಿದವರು. ಅವರವರ ದೌರ್ಬಲ್ಯದ ಪ್ರಮಾಣವು ಬೇರೆಬೇರೆ, ಕಾರಣವೂ ಬೇರೆಬೇರೆ. ಒಂದು ವಿಷಯದಲ್ಲಿ ಮಾತ್ರ ಎಲ್ಲರೂ ಸಮಾನರು: ಗಟ್ಟಿಮುಟ್ಟಾದವನನ್ನು ಮೂರು ದಿನ ಮಲಗಿಸಿ ಬಿಡುವ ಜ್ವರವು ಇವರನ್ನು ಆಸ್ಪತ್ರೆಗೂ, ಒಮ್ಮೊಮ್ಮೆ ಅದರಿಂದಾಚೆಗೂ ಒಯ್ಯಬಲ್ಲುದು.

ಇದು ಪಶ್ಚಿಮದವರು ಹೊಸದಾಗಿ ಕಲಿಸಿದ ಮಾತೆಂದು ಭಾವಿಸುವವರು ಚರಕಸಂಹಿತೆಯ ಸೂತ್ರಸ್ಥಾನವನ್ನು ನೋಡತಕ್ಕದ್ದು. ವ್ಯಾಧಿಯನ್ನು ತಡೆದು ನಿಲ್ಲುವ ಸಾಮರ್ಥ್ಯಕ್ಕೆ ಅಲ್ಲಿ ವ್ಯಾಧಿಕ್ಷಮತ್ವವೆಂದು ಹೆಸರು. ಈ ಸಾಮರ್ಥ್ಯವು ಎಲ್ಲ ದೇಹಗಳಿಗೂ ಸಮನಾಗಿರುವುದಿಲ್ಲವೆಂದೂ, ಅತಿಸ್ಥೂಲರು, ಅತಿಕೃಶರು, ದುರ್ಬಲರು, ಅಹಿತವಾದ ಆಹಾರದಿಂದ ಬೆಳೆದವರು ಮುಂತಾದವರಲ್ಲಿ ಅದು ಕಡಮೆಯೆಂದೂ ಆಚಾರ್ಯನ ಅಭಿಪ್ರಾಯ. ಟೀಕಾಕಾರನಾದ ಚಕ್ರಪಾಣಿದತ್ತನು ಆ ಪದವನ್ನು ಎರಡು ಬಗೆಯಾಗಿ ಬಿಡಿಸುವನು: ಬಂದ ವ್ಯಾಧಿಯ ಬಲವನ್ನು ಎದುರಿಸುವುದು ಒಂದು, ವ್ಯಾಧಿಯು ಹುಟ್ಟದಂತೆಯೇ ತಡೆಯುವುದು ಮತ್ತೊಂದು. ಲಸಿಕೆಯ ಕಾರ್ಯವನ್ನು ವಿವರಿಸುವುದಕ್ಕೆ ಇದಕ್ಕಿಂತ ಒಳ್ಳೆಯ ಮಾತುಗಳು ದೊರೆಯುವುದು ಕಷ್ಟ. ಅದು ಶರೀರಕ್ಕೆ ಶತ್ರುವಿನ ಗುರುತನ್ನು ಮೊದಲೇ ಕಲಿಸಿಕೊಡುವುದು. ನಿಜವಾದ ರೋಗವು ಬಂದಾಗ ಶರೀರವು ಅಪರಿಚಿತನೊಡನೆ ಹೋರಾಡಬೇಕಾಗಿಲ್ಲ. ರೋಗವು ತಗುಲಿದರೂ ಅದರ ಬಲವು ಮುರಿಯುವುದು.

ಹೀಗಿರುವಲ್ಲಿ ಲಸಿಕೆಯಿಂದ ಹೆಚ್ಚಿನ ಪ್ರಯೋಜನವನ್ನು ಪಡೆಯಬೇಕಾದವರು ದುರ್ಬಲರೇ. ಆದರೆ ಲೋಕದಲ್ಲಿ ನಡೆಯುವುದು ಇದಕ್ಕೆ ವಿಪರೀತ. ಮಾರಿಕುಪ್ಪದ ಬಳಿಯ ಗಣಿಸಾಲಿನ ಮನೆಯೊಂದನ್ನು ಕಲ್ಪಿಸಿಕೊಳ್ಳಿರಿ. ಎಪ್ಪತ್ತು ವರ್ಷದ ಹಿರಿಯನು ಜಗುಲಿಯ ಮೇಲೆ ಕುಳಿತಿರುವನು. ಹತ್ತು ಹೆಜ್ಜೆ ನಡೆದರೆ ಉಸಿರು ಕಟ್ಟುವುದು. ಬೇಸಗೆಯಲ್ಲಿ ಸಯನೈಡ್ ದಿಬ್ಬಗಳ ಧೂಳೆದ್ದರೆ ರಾತ್ರಿಯೆಲ್ಲ ಕೆಮ್ಮು. ಊರಿನಲ್ಲಿ ಲಸಿಕೆಯ ಶಿಬಿರವು ನಡೆಯುವುದೆಂದು ಕೇಳಿ ಮಗನು ಹಾಕಿಸಿಕೊಂಡು ಬರುವನು, ಸೊಸೆಯು ಹಾಕಿಸಿಕೊಂಡು ಬರುವಳು. ತಂದೆಯ ವಿಷಯವಾಗಿ ಮಾತ್ರ, “ಅವರಿಗೆ ಮೊದಲೇ ಮೈಯಲ್ಲಿ ಶಕ್ತಿಯಿಲ್ಲ, ಸೂಜಿಯನ್ನು ತಡೆದಾರೆಯೇ, ಬೇಡ” ಎಂದು ನಿಶ್ಚಯವಾಗುವುದು. ಪ್ರೀತಿಯಿಂದಲೇ ಆಡಿದ ಮಾತು ಅದು. ಮುಂದಿನ ಚಳಿಗಾಲದಲ್ಲಿ ಆ ಮನೆಗೆ ನೆಗಡಿಯು ಬಂದರೆ ಮಗನು ಎರಡು ದಿನದಲ್ಲಿ ಎದ್ದು ಕೆಲಸಕ್ಕೆ ಹೋಗುವನು. ತಂದೆಯು ಏಳುವನೆಂಬ ಭರವಸೆಯನ್ನು ಯಾರು ಕೊಡಬಲ್ಲರು? ಸೂಜಿಯನ್ನು ತಡೆಯಲಾರನೆಂದು ಅಂಜಿದವರು, ರೋಗವನ್ನು ಹೇಗೆ ತಡೆದಾನೆಂದು ಯೋಚಿಸಲೇ ಇಲ್ಲ.

ಈ ಅಂಜಿಕೆಯನ್ನು ಹಾಸ್ಯಮಾಡುವುದು ಯುಕ್ತವಲ್ಲ. ಅದರಲ್ಲಿ ಒಂದು ಪಾಲು ಸತ್ಯವೂ ಉಂಟು. ಆ ಪಾಲು ಎಷ್ಟು, ಎಲ್ಲಿ ಎಂಬುದನ್ನು ಅರಿಯುವುದಕ್ಕೆ ಕನ್ನಡನಾಡಿನ ಎರಡು ಹಳೆಯ ವೃತ್ತಾಂತಗಳು ನೆರವಾಗುವುವು.

ಮೊದಲನೆಯದು ಸಿಡುಬಿನದು. ಹಸುವಿನ ಸಿಡುಬಿನ ರಸದಿಂದ ಮನುಷ್ಯರ ಸಿಡುಬನ್ನು ತಡೆಯಬಹುದೆಂದು ಇಂಗ್ಲೆಂಡಿನ ಎಡ್ವರ್ಡ್ ಜೆನ್ನರನು 1796ರಲ್ಲಿ ತೋರಿಸಿದನು. 1802ರ ಜೂನ್ 14ರಂದು ಮುಂಬಯಿಯಲ್ಲಿ ಮೂರು ವರ್ಷದ ಬಾಲಿಕೆಗೆ ಆ ದಾಕು ಹಾಕಿದುದು ಭಾರತದಲ್ಲಿ ಮೊದಲನೆಯದು. ಆಗ ಕೋಲಾರವು ಸೇರಿದ್ದ ಮೈಸೂರು ಸಂಸ್ಥಾನದಲ್ಲಿ ಬಾಲಕರಾದ ಮುಮ್ಮಡಿ ಕೃಷ್ಣರಾಜ ಒಡೆಯರು ಪಟ್ಟದಲ್ಲಿದ್ದರು. 1805ರ ಸುಮಾರಿನಲ್ಲಿ ತಾಮಸ್ ಹಿಕ್ಕಿಯೆಂಬ ಚಿತ್ರಕಾರನು ಅರಮನೆಯ ಮೂವರು ಸ್ತ್ರೀಯರ ಪಟವನ್ನು ಬರೆದಿರುವನು. ಅದರಲ್ಲಿ ಒಬ್ಬಳು ಸೆರಗನ್ನು ಸರಿಸಿ ತನ್ನ ತೋಳನ್ನು ಬೆರಳಿನಿಂದ ತೋರುತ್ತಿರುವಳು. ಆಕೆ ಒಡೆಯರ ರಾಣಿಯಾದ ದೇವಾಜಮ್ಮಣ್ಣಿಯೆಂದೂ, ದಾಕು ಹಾಕಿಸಿಕೊಂಡ ಗುರುತನ್ನು ಪ್ರಜೆಗಳಿಗೆ ತೋರಿಸುತ್ತಿರುವಳೆಂದೂ ಇತಿಹಾಸಜ್ಞರು ಅಭಿಪ್ರಾಯಪಡುವರು. ಪರದೆಯ ಮರೆಯಲ್ಲಿರುವ ರಾಣಿವಾಸದವರು ತೋಳನ್ನು ತೋರಿಸಿ ಚಿತ್ರ ಬರೆಸಿಕೊಂಡರೆಂದರೆ, ದೊಡ್ಡವರು ಮುಂದಾದರೆ ಜನರ ಅಂಜಿಕೆಯು ಕರಗುವುದೆಂಬುದನ್ನು ಅವರು ಬಲ್ಲವರಾಗಿದ್ದರೆನ್ನಬೇಕು. ಆ ಮೊದಲ ಹೆಜ್ಜೆಗಳಿಂದ ಹೊರಟ ಯಾತ್ರೆಯು 1980ರ ಮೇ 8ರಂದು, ಭೂಲೋಕದಿಂದಲೇ ಸಿಡುಬು ತೊಲಗಿತೆಂಬ ಘೋಷಣೆಯಲ್ಲಿ ಮುಗಿಯಿತು.

ಎರಡನೆಯದು ಪ್ಲೇಗಿನದು. 1898ರಲ್ಲಿ ಆ ಮಹಾಮಾರಿಯು ಹುಬ್ಬಳ್ಳಿಯನ್ನು ಹೊಕ್ಕಿತು. ಅದೇ ವರ್ಷದ ಆಗಸ್ಟ್ ತಿಂಗಳಲ್ಲಿ ಬೆಂಗಳೂರಿಗೂ ಬಂದಿತು. ಅದು ರೈಲುದಾರಿಯನ್ನು ಹಿಡಿದು ಬಂದಿತೆಂದು ಆ ಕಾಲದವರು ಗುರುತಿಸಿದರು. ಕೋಲಾರದ ಸೀಮೆಯನ್ನೂ ಅದು ಬಿಡಲಿಲ್ಲ. ಜನರು ಊರುಗಳನ್ನು ಬಿಟ್ಟು ಹೊಲಗಳಲ್ಲಿ ಗುಡಿಸಲು ಕಟ್ಟಿಕೊಂಡರು. ಹಾಫ್ಕಿನ್ ಎಂಬ ವಿಜ್ಞಾನಿಯು ಮುಂಬಯಿಯಲ್ಲಿ ಪ್ಲೇಗಿನ ಲಸಿಕೆಯನ್ನು ಸಿದ್ಧಪಡಿಸಿ, 1897ರ ಜನವರಿ 10ರಂದು ಮೊದಲು ತನ್ನ ಮೈಗೇ ಚುಚ್ಚಿಸಿಕೊಂಡು ನೋಡಿದ್ದನು. ಹುಬ್ಬಳ್ಳಿಯಲ್ಲಿ ಲ್ಯೂಮನ್ ಎಂಬ ವೈದ್ಯನ ಮೇಲ್ವಿಚಾರಣೆಯಲ್ಲಿ 1898ರ ಕೆಲವೇ ತಿಂಗಳುಗಳೊಳಗೆ ಮೂವತ್ತು ಸಾವಿರಕ್ಕೆ ಮೇಲ್ಪಟ್ಟ ಜನರು ಆ ಲಸಿಕೆಯನ್ನು ಹಾಕಿಸಿಕೊಂಡರು. ಲಸಿಕೆಯನ್ನು ಪಡೆದವರಲ್ಲಿ ಸಾವು ಬಹಳ ಕಡಮೆಯಾಗಿದ್ದುದು ಆ ಊರಿನವರಿಗೆ ಕಣ್ಣಾರೆ ಕಂಡ ಸಂಗತಿ.

ಈ ಎರಡು ಲಸಿಕೆಗಳಿಗೂ ಇರುವ ಭೇದದಲ್ಲಿಯೇ ಇಂದಿನ ವಿಷಯದ ತಿರುಳು ಅಡಗಿದೆ. ಸಿಡುಬಿನ ದಾಕಿನಲ್ಲಿದ್ದುದು ಜೀವವುಳ್ಳ ಸೂಕ್ಷ್ಮಾಣು. ಅದು ಮೈಯಲ್ಲಿ ಸ್ವಲ್ಪವಾಗಿ ಬೆಳೆದು, ಗುಳ್ಳೆಯೆದ್ದು, ಅದರಿಂದ ರಕ್ಷಣೆಯು ಹುಟ್ಟುತ್ತಿದ್ದಿತು. ಹಾಫ್ಕಿನನ ಲಸಿಕೆಯಲ್ಲಿದ್ದುದು ಕಾಯಿಸಿ ಕೊಂದ ಕ್ರಿಮಿ. ಸತ್ತುದು ಮೈಯಲ್ಲಿ ಬೆಳೆಯಲಾರದು. ಇಂದಿನ ಲಸಿಕೆಗಳೂ ಸ್ಥೂಲವಾಗಿ ಇವೇ ಎರಡು ಬಗೆ. ದಡಾರ, ಮಂಗನಬಾವು ಮೊದಲಾದವುಗಳ ಲಸಿಕೆ, ಸೀತಾಳೆ ಸಿಡುಬಿನ ಲಸಿಕೆ, ಬಾಯಿಗೆ ಹಾಕುವ ಪೋಲಿಯೋ ಹನಿ, ಶಿಶುಗಳಿಗೆ ಹಾಕುವ ಬಿ.ಸಿ.ಜಿ., ಮೂಗಿಗೆ ಸಿಂಪಡಿಸುವ ಫ್ಲೂ ಲಸಿಕೆ — ಇವು ಬಲವನ್ನು ಕುಂದಿಸಿದ, ಆದರೂ ಜೀವವಿರುವ ಸೂಕ್ಷ್ಮಾಣುಗಳಿಂದಾದುವು. ಕಾವಲುಶಕ್ತಿಯು ತೀರ ಕುಂದಿದವರಲ್ಲಿ ಅವು ಅಂಕೆಮೀರಿ ಬೆಳೆಯುವ ಸಂಭವವಿರುವುದರಿಂದ ಅಂಥವರಿಗೆ ಸಾಮಾನ್ಯವಾಗಿ ಅವನ್ನು ಕೊಡುವುದಿಲ್ಲ. ಜನರ ಅಂಜಿಕೆಯಲ್ಲಿರುವ ಸತ್ಯದ ಪಾಲು ಇಷ್ಟೇ. ಇನ್ನುಳಿದವು — ತೋಳಿಗೆ ಚುಚ್ಚುವ ಫ್ಲೂ ಲಸಿಕೆ, ನ್ಯುಮೋಕಾಕಸ್ ಲಸಿಕೆ, ಹೆಪಟೈಟಿಸ್ ಬಿ ಲಸಿಕೆ, ಧನುರ್ವಾಯುವಿನ ಲಸಿಕೆ, ಹುಚ್ಚುನಾಯಿಯ ಕಡಿತಕ್ಕೆ ಕೊಡುವ ಲಸಿಕೆ ಮುಂತಾದವು — ಕೊಂದ ಸೂಕ್ಷ್ಮಾಣುವಿನಿಂದಲೋ ಅದರ ಒಂದು ಅಂಶದಿಂದಲೋ ಆದುವು. ಅವುಗಳಿಂದ ಆ ರೋಗವು ಹುಟ್ಟುವುದು ಸಾಧ್ಯವೇ ಇಲ್ಲ. ಶರೀರವು ಎಷ್ಟು ದುರ್ಬಲವಾದರೂ ಈ ಮಾತು ಸತ್ಯವೇ.

ಆದುದರಿಂದ “ದುರ್ಬಲರಿಗೆ ಲಸಿಕೆಯು ಕೂಡದು” ಎಂಬ ಮಾತನ್ನು ತಿದ್ದಿಕೊಳ್ಳತಕ್ಕದ್ದು. ದುರ್ಬಲರಿಗೆ ಕೆಲವು ಲಸಿಕೆಗಳು ಕೂಡದು. ಮಿಕ್ಕವು ಇತರರಿಗಿಂತ ಹೆಚ್ಚಾಗಿ ಬೇಕು. ಯಾವುದು ಕೂಡದು, ಯಾವುದು ಬೇಕು ಎಂಬುದನ್ನು ನೆರೆಮನೆಯವರು ನಿರ್ಣಯಿಸಲಾಗದು. ರೋಗಿಯ ಸ್ಥಿತಿಯನ್ನು ಬಲ್ಲ ವೈದ್ಯರೇ ನಿರ್ಣಯಿಸತಕ್ಕವರು. ದೀಕ್ಷೆಯನ್ನು ಕೊಡುವಾಗ ಗುರುವು ಶಿಷ್ಯನ ಯೋಗ್ಯತೆಯನ್ನು ನೋಡಿ ಕೊಡುವಂತೆ, ವೈದ್ಯರೂ ಶರೀರದ ಸ್ಥಿತಿಯನ್ನು ನೋಡಿ ಲಸಿಕೆಯನ್ನು ಆರಿಸುವರು.

ಕಾಲದ ವಿಚಾರವೂ ಮುಖ್ಯವಾದುದು. ಅರ್ಬುದರೋಗದ ಔಷಧವಾಗಲಿ, ಮೂತ್ರಪಿಂಡದ ಕಸಿಯಾಗಲಿ, ಕಾವಲುಶಕ್ತಿಯನ್ನು ತಗ್ಗಿಸುವ ಇತರ ಚಿಕಿತ್ಸೆಯಾಗಲಿ ಆರಂಭವಾಗುವುದೆಂದು ಗೊತ್ತಾದ ಕೂಡಲೇ ಲಸಿಕೆಯ ಮಾತನ್ನು ವೈದ್ಯರೊಡನೆ ಎತ್ತಬೇಕು. ಸಾಧ್ಯವಾದಲ್ಲಿ ಜೀವವಿರುವ ಲಸಿಕೆಗಳನ್ನು ಚಿಕಿತ್ಸೆಗೆ ಕಡಮೆಯೆಂದರೆ ನಾಲ್ಕು ವಾರ ಮೊದಲು, ಇತರ ಲಸಿಕೆಗಳನ್ನು ಎರಡು ವಾರ ಮೊದಲು ಮುಗಿಸುವುದು ಉತ್ತಮ. ಕೆರೆಯ ಏರಿಯನ್ನು ಮಳೆಗೆ ಮುಂಚೆ ಕಟ್ಟಬೇಕಲ್ಲವೆ? ಹಾಗೆಂದು ಲಸಿಕೆಗಾಗಿ ಅಗತ್ಯವಾದ ಚಿಕಿತ್ಸೆಯನ್ನು ತಡಮಾಡುವುದಾಗಲಿ, ತಮ್ಮಷ್ಟಕ್ಕೆ ತಾವೇ ಗುಳಿಗೆಗಳನ್ನು ನಿಲ್ಲಿಸುವುದಾಗಲಿ ಕೂಡದು. ಸ್ಟಿರಾಯ್ಡ್ ಗುಳಿಗೆಯನ್ನು ಹಠಾತ್ತಾಗಿ ಬಿಟ್ಟು ಪ್ರಾಣಕ್ಕೆ ಎರವು ತಂದುಕೊಳ್ಳುವುದುಂಟು. ಚಿಕಿತ್ಸೆಯು ಈಗಾಗಲೇ ನಡೆಯುತ್ತಿರುವವರೂ ಸಮಯವು ಮೀರಿತೆಂದು ಕೈಚೆಲ್ಲಬೇಕಾಗಿಲ್ಲ. ಕೊಂದ ಸೂಕ್ಷ್ಮಾಣುವಿನ ಲಸಿಕೆಗಳನ್ನು ಯಾವ ದಿನ ಹಾಕಿಸಿಕೊಂಡರೆ ಮೇಲೆಂಬುದನ್ನು ವೈದ್ಯರು ತಿಳಿಸುವರು.

ಈ ಸೀಮೆಯ ಮನೆಗಳಿಗೆ ಬೇಕಾದ ಕೆಲವು ವಿವರಗಳನ್ನು ಇಲ್ಲಿಯೇ ಹೇಳುವುದು ಒಳ್ಳೆಯದು. ಸಿಲಿಕೋಸಿಸ್ ಮೊದಲಾದ ಶ್ವಾಸಕೋಶದ ವ್ಯಾಧಿಯುಳ್ಳವರೂ ಸಕ್ಕರೆಕಾಯಿಲೆಯವರೂ ಫ್ಲೂ ಲಸಿಕೆಯನ್ನು ವರ್ಷಕ್ಕೊಮ್ಮೆ ಪಡೆಯತಕ್ಕದ್ದು. ಆ ಸೂಕ್ಷ್ಮಾಣು ವರ್ಷ ವರ್ಷವೂ ವೇಷವನ್ನು ಬದಲಿಸುವುದರಿಂದ ಹೋದ ವರ್ಷದ ಲಸಿಕೆಯು ಈ ವರ್ಷಕ್ಕೆ ಸಾಲದು. ನ್ಯುಮೋಕಾಕಸ್ ಲಸಿಕೆಯು ನ್ಯುಮೋನಿಯದ ಒಂದು ಮುಖ್ಯ ಕಾರಣವನ್ನು ತಡೆಯುವುದು. ಗುಲ್ಮವಿಲ್ಲದವರಿಗಂತೂ ಅದು ಅತ್ಯವಶ್ಯ. ಯಂತ್ರದಿಂದ ರಕ್ತಶುದ್ಧಿ ಮಾಡಿಸಿಕೊಳ್ಳುವವರಿಗೆ ಹೆಪಟೈಟಿಸ್ ಬಿ ಲಸಿಕೆಯನ್ನು ಇಮ್ಮಡಿ ಪ್ರಮಾಣದಲ್ಲಿ ಕೊಟ್ಟು, ಅದು ಫಲಿಸಿತೋ ಇಲ್ಲವೋ ಎಂಬುದನ್ನು ರಕ್ತಪರೀಕ್ಷೆಯಿಂದ ನೋಡುವರು. ಸರ್ಪಸುತ್ತಿಗೆ ಜೀವವಿಲ್ಲದ ಹೊಸ ಲಸಿಕೆಯೊಂದು ಬಂದಿರುವುದರಿಂದ ದುರ್ಬಲರೂ ಅದನ್ನು ಪಡೆಯಬಹುದಾಗಿದೆ. ಕ್ಷಯದ ವಿಷಯದಲ್ಲಿ ಮಾತ್ರ ಶೈಶವದಲ್ಲಿ ಹಾಕಿದ ಬಿ.ಸಿ.ಜಿ.ಯನ್ನು ನಂಬಿ ವಯಸ್ಕರು ನಿಶ್ಚಿಂತರಾಗಿರಲಾಗದು. ಎರಡು ವಾರಕ್ಕೆ ಮಿಕ್ಕಿದ ಕೆಮ್ಮಿದ್ದಲ್ಲಿ ಗಣಿಯ ಹಳೆಯ ಕೆಮ್ಮೆಂದು ತಳ್ಳಿಬಿಡದೆ ಕಫವನ್ನು ಪರೀಕ್ಷೆ ಮಾಡಿಸತಕ್ಕದ್ದು.

ಇಷ್ಟಾದರೂ ಮರೆಮಾಚಬಾರದ ಸಂಗತಿಯೊಂದಿದೆ. ದುರ್ಬಲ ಶರೀರವು ಲಸಿಕೆಯ ಪಾಠವನ್ನು ಪೂರ್ಣವಾಗಿ ಕಲಿಯಲಾರದು. ಒಂದೇ ಗುರುವಿನ ಪಾಠವನ್ನು ಒಬ್ಬ ಶಿಷ್ಯನು ಒಮ್ಮೆ ಕೇಳಿ ಹಿಡಿಯುವನು. ಮತ್ತೊಬ್ಬನಿಗೆ ಮೂರು ಬಾರಿ ಹೇಳಬೇಕಾಗುವುದು. ದುರ್ಬಲರಿಗೆ ಒಮ್ಮೊಮ್ಮೆ ಹೆಚ್ಚಿನ ಸರದಿಯನ್ನು ಕೊಡುವುದು ಇದಕ್ಕಾಗಿಯೇ. 2021ರಲ್ಲಿ ಕೋವಿಡ್ಡಿನ ಸಂದರ್ಭದಲ್ಲಿ, ಕಾವಲುಶಕ್ತಿಯು ಬಹಳ ಕುಂದಿದವರಿಗೆ ಒಂದು ಸರದಿಯನ್ನು ಹೆಚ್ಚಾಗಿ ಕೊಡುವಂತೆ ವಿಶ್ವ ಆರೋಗ್ಯ ಸಂಸ್ಥೆಯು ಸಲಹೆಮಾಡಿತು. ಹಾಗೆ ಕೊಟ್ಟರೂ ಕೆಲವರಲ್ಲಿ ರಕ್ಷಣೆಯು ಅರೆಯಾಗಿಯೇ ಉಳಿಯುವುದು. ಅರೆರಕ್ಷಣೆಯೂ ಬರಿಗೈಗಿಂತ ಮೇಲೆಂಬುದು ನಿಜ. ಉಳಿದ ಅರ್ಧವನ್ನು ತುಂಬುವವರು ಯಾರು?

ಅದನ್ನು ತುಂಬುವವರು ಸುತ್ತಲಿನವರು. ಶರಣಧರ್ಮದ ಪಂಚಾಚಾರಗಳಲ್ಲಿ ಭೃತ್ಯಾಚಾರವೂ ಗಣಾಚಾರವೂ ಸೇರಿರುವುವು. ಶಿವಭಕ್ತರಿಗೆ ಸೇವಕನಂತೆ ನಡೆದುಕೊಳ್ಳುವುದು ಭೃತ್ಯಾಚಾರ. ಗಣದ ಮೇಲೆ ಬರುವ ಕೇಡನ್ನು ತಾಳಿಕೊಂಡು ಸುಮ್ಮನಿರದೆ ತಡೆಯುವುದು ಗಣಾಚಾರ. ಹಿಂದಿನ ಕಾಲದಲ್ಲಿ ಆ ಕೇಡು ಕತ್ತಿಯ ರೂಪದಲ್ಲಿ ಬಂದಿರಬಹುದು. ಈ ಕಾಲದಲ್ಲಿ ಅದು ಉಸಿರಿನ ರೂಪದಲ್ಲಿಯೂ ಬರುವುದು. ಮಾರಿಕುಪ್ಪದಿಂದ, ಬಂಗಾರಪೇಟೆಯಿಂದ ಸಾವಿರಾರು ಮಂದಿ ನಸುಕಿನಲ್ಲಿಯೇ ರೈಲನ್ನು ಹತ್ತಿ ಬೆಂಗಳೂರಿಗೆ ಕೆಲಸಕ್ಕೆ ಹೋಗಿ ರಾತ್ರಿ ಮರಳುವರು. ಡಬ್ಬಿಗಳಲ್ಲಿ ಕಾಲಿಡಲು ತೆರವಿರುವುದಿಲ್ಲ. ಅಲ್ಲಿ ಹಿಡಿದ ಸೋಂಕನ್ನು ಮನೆಗೆ ತಂದು ಮುದುಕ ತಂದೆಯ ಪಕ್ಕದಲ್ಲಿ ಊಟಕ್ಕೆ ಕುಳಿತುಕೊಳ್ಳುವವನು ಆರೋಗ್ಯವಂತನಾದ ಮಗನೇ. ಅವನು ಫ್ಲೂ ಲಸಿಕೆಯನ್ನು ಪಡೆದರೆ ಅದರ ಫಲದಲ್ಲಿ ಒಂದು ಪಾಲು ತಂದೆಗೆ ಸಲ್ಲುವುದು. ಸೊಸೆ, ಮೊಮ್ಮಕ್ಕಳು, ಶುಶ್ರೂಷೆಗೆ ಬರುವ ನೆರೆಯವರು ಎಲ್ಲರಿಗೂ ಈ ಮಾತು ಒಪ್ಪುವುದು. ಮನೆಯ ಮಕ್ಕಳಿಗೆ ದಡಾರ ಮೊದಲಾದವುಗಳ ಲಸಿಕೆಯನ್ನು ಕ್ರಮವಾಗಿ ಹಾಕಿಸಲು ಅಡ್ಡಿಯಿಲ್ಲ. ಬಾಯಿಗೆ ಹಾಕುವ ಪೋಲಿಯೋ ಹನಿಯ ವಿಷಯದಲ್ಲಿ ಮಾತ್ರ, ಕಾವಲುಶಕ್ತಿಯು ತೀರ ಕುಂದಿದವರು ಮನೆಯಲ್ಲಿದ್ದರೆ ಆರೋಗ್ಯ ಸಿಬ್ಬಂದಿಗೆ ಮೊದಲೇ ತಿಳಿಸಿ ಕೇಳತಕ್ಕದ್ದು. ಅನ್ನವನ್ನು ಬಡಿಸುವುದು ದಾಸೋಹವಾದಂತೆ, ರೋಗವನ್ನು ಬಡಿಸದಿರುವುದೂ ದಾಸೋಹವೇ ಸರಿ.

ಇನ್ನು ಆಕ್ಷೇಪಗಳು. “ಹಣೆಯಲ್ಲಿ ವಿಭೂತಿ, ಕೊರಳಲ್ಲಿ ಲಿಂಗ ರುದ್ರಾಕ್ಷಿಗಳಿರುವಾಗ ಬೇರೆ ರಕ್ಷೆಯೇಕೆ?” ಎಂದು ಕೇಳುವವರುಂಟು. ಅಷ್ಟಾವರಣಗಳು ಜೀವನನ್ನು ಶಿವಪಥದಲ್ಲಿ ನಿಲ್ಲಿಸುವುದಕ್ಕಾಗಿ ಇರುವುವು. ಅವನ್ನು ಧರಿಸಿದವನೂ ಹಸಿದಾಗ ಉಣ್ಣುವನು, ಚಳಿಯಾದಾಗ ಹೊದೆಯುವನು, ರಾತ್ರಿ ಬಾಗಿಲಿಗೆ ಅಗಣಿಯನ್ನು ಹಾಕುವನು. ಅಗಣಿಯು ಭಕ್ತಿಯ ಕೊರತೆಯಲ್ಲವೆಂದಮೇಲೆ ಲಸಿಕೆಯೂ ಅಲ್ಲ. “ಬರುವುದು ಬಂದೇ ತೀರುವುದು, ಎಲ್ಲವೂ ವಿಧಿ” ಎಂಬವರಿಗೆ ಹೇಳಬೇಕಾದುದಿಷ್ಟೆ: ಹೊತ್ತಾರೆ ಎದ್ದು ಕಾಯಕಕ್ಕೆ ಹೊರಡುವವನು ಫಲವನ್ನು ಶಿವನಿಗೆ ಬಿಡುವನೇ ಹೊರತು ಕೆಲಸವನ್ನು ಬಿಡುವುದಿಲ್ಲ.

“ಲಸಿಕೆಯಿಂದಲೇ ಸತ್ತವರುಂಟು” ಎಂಬ ಆಕ್ಷೇಪಕ್ಕೆ ಪ್ರಾಮಾಣಿಕವಾದ ಉತ್ತರವನ್ನು ಕೊಡಬೇಕು. 1902ರಲ್ಲಿ ಪಂಜಾಬಿನ ಮಲ್ಕೋವಾಲ್ ಎಂಬ ಹಳ್ಳಿಯಲ್ಲಿ ಒಂದೇ ಶೀಸೆಯ ಪ್ಲೇಗ್ ಲಸಿಕೆಯನ್ನು ಪಡೆದ 19 ಮಂದಿ ಧನುರ್ವಾಯುವಿನಿಂದ ತೀರಿಕೊಂಡರು. ಹಾಫ್ಕಿನನ ಮೇಲೆ ದೂರು ಬಂದಿತು, ಅವನ ಕೆಲಸವೂ ಹೋಯಿತು. ಬಹುಕಾಲದ ವಿಚಾರಣೆ ಮತ್ತು ವಾದಗಳ ಬಳಿಕ, 1907ರಲ್ಲಿ, ಅವನು ದೋಷಮುಕ್ತನಾದನು. ಶೀಸೆಯನ್ನು ತೆರೆಯುವಾಗ ಆದ ಮಾಲಿನ್ಯವೇ ಕೇಡಿಗೆ ಕಾರಣವೆಂದು ವಿದ್ವಾಂಸರು ತೋರಿಸಿಕೊಟ್ಟರು. ಲಸಿಕೆಯನ್ನು ಶುದ್ಧವಾಗಿ ಇರಿಸುವುದರಲ್ಲಿಯೂ ಹಾಕುವುದರಲ್ಲಿಯೂ ಇಂದು ನಡೆಯುತ್ತಿರುವ ಬಿಗಿಯಾದ ನಿಯಮಗಳ ಹಿಂದೆ ಇಂತಹ ದುಃಖದ ಪಾಠಗಳಿವೆ. ಈಗಲೂ ಲಸಿಕೆಯ ಬಳಿಕ ಒಂದೆರಡು ದಿನ ಜ್ವರ, ತೋಳುನೋವು, ಮೈಕೈನೋವು ಬರುವುದು ಸಾಮಾನ್ಯ. ತೀವ್ರವಾದ ಅಲರ್ಜಿಯು ಅಪರೂಪವಾಗಿ ಉಂಟಾಗುವುದು. ಲಸಿಕೆ ಹಾಕಿಸಿಕೊಂಡವರನ್ನು ಅಲ್ಲಿಯೇ ಅರ್ಧ ಗಂಟೆ ಕುಳ್ಳಿರಿಸುವುದು ಅದಕ್ಕಾಗಿ. ಹಿಂದೆ ಯಾವ ಮದ್ದಿನಿಂದಲಾದರೂ ತೊಂದರೆಯಾಗಿದ್ದರೆ ಅದನ್ನು ಮುಚ್ಚಿಡದೆ ಮೊದಲೇ ಹೇಳತಕ್ಕದ್ದು.

ಮತ್ತೊಂದು ಅಡ್ಡಿಯು ಬಾಯಿಬಿಟ್ಟು ಹೇಳದಂತಹುದು, ಅದು ಸಂಕೋಚ. ಎಚ್.ಐ.ವಿ. ಸೋಂಕುಳ್ಳವನು, ಕ್ಷಯದ ಮದ್ದನ್ನು ತಿನ್ನುತ್ತಿರುವವಳು, ತಮ್ಮ ಸ್ಥಿತಿಯನ್ನು ಶಿಬಿರದ ಸಾಲಿನಲ್ಲಿ ನಾಲ್ಕು ಜನರೆದುರಿಗೆ ಹೇಳಲು ನಾಚಿ ಹಿಂದಿರುಗುವರು. 2021ರ ಮಾರ್ಚ್ 1ರಿಂದ ಸರಕಾರವು ಅರವತ್ತು ವರ್ಷ ದಾಟಿದವರಿಗೂ, ನಲವತ್ತೈದು ದಾಟಿದ ರೋಗಪೀಡಿತರಿಗೂ ಕೋವಿಡ್ ಲಸಿಕೆಯನ್ನು ಆರಂಭಿಸಿದಾಗ 20 ಬಗೆಯ ವ್ಯಾಧಿಗಳ ಪಟ್ಟಿಯನ್ನು ಪ್ರಕಟಿಸಿತು. ಕಸಿ ಮಾಡಿಸಿಕೊಂಡವರು, ಸ್ಟಿರಾಯ್ಡ್ ಸೇವಿಸುವವರು, ಅರ್ಬುದರೋಗದವರು, ಎಚ್.ಐ.ವಿ. ಸೋಂಕಿನವರು ಆ ಪಟ್ಟಿಯಲ್ಲಿದ್ದರು. ದುರ್ಬಲರು ಮುಂದಿನ ಪಂಕ್ತಿಯಲ್ಲಿ ಕುಳಿತುಕೊಳ್ಳತಕ್ಕವರೆಂದು ರಾಜ್ಯವೇ ಒಪ್ಪಿದ ಸಂದರ್ಭವದು. ಪಂಕ್ತಿಯಲ್ಲಿ ಕರೆದು ಕೂರಿಸಿದ ಮೇಲೆ ಅತಿಥಿಯ ಕುಲಗೋತ್ರಗಳನ್ನು ವಿಚಾರಿಸದಿರುವುದು ದಾಸೋಹದ ಮರ್ಯಾದೆ. ರೋಗದ ಹೆಸರನ್ನು ಕೇಳಿ ಮುಖವನ್ನು ತಿರುಗಿಸುವ ಊರಿನಲ್ಲಿ ಲಸಿಕೆಯು ಹರಡಲಾರದು.

ಈ ಉತ್ಸವದಿಂದ ಮನೆಗೆ ಮರಳುವ ಭಕ್ತರು ಮಾಡಬೇಕಾದ ಕೆಲಸವು ಚಿಕ್ಕದು. ಮನೆಯಲ್ಲಿ, ಓಣಿಯಲ್ಲಿ, ಬಂಧುಗಳಲ್ಲಿ ಇಂತಹ ದುರ್ಬಲರು ಯಾರಿರುವರೆಂದು ನೆನೆಯಿರಿ. ಅವರು ಸೇವಿಸುವ ಗುಳಿಗೆಗಳ ಚೀಟಿಯನ್ನೂ ಹಳೆಯ ಕಾಗದಗಳನ್ನೂ ಒಂದು ಚೀಲದಲ್ಲಿ ಸೇರಿಸಿರಿ. ಮುಂದಿನ ಸಲ ಆಸ್ಪತ್ರೆಗೆ ಹೋಗುವಾಗ, “ಇವರಿಗೆ ಯಾವ ಲಸಿಕೆ ಬೇಕು, ಯಾವುದು ಬೇಡ, ಯಾವಾಗ?” ಎಂದು ವೈದ್ಯರನ್ನು ಕೇಳಿರಿ. ಉತ್ತರವನ್ನು ಬರೆಯಿಸಿಕೊಂಡು, ಹೇಳಿದ ದಿನಕ್ಕೆ ಕರೆದುಕೊಂಡು ಹೋಗಿರಿ. ನಡೆಯಲಾರದವರಿಗೆ ಹೆಗಲು ಕೊಡುವ ತರುಣರು ಈ ಸಭೆಯಲ್ಲಿಯೇ ಬೇಕಾದಷ್ಟು ಮಂದಿ ಇರುವರು. ಜಾತ್ರೆಯಲ್ಲಿ ಪಲ್ಲಕ್ಕಿಯನ್ನು ಹೊರಲು ನಾ ಮುಂದು ತಾ ಮುಂದು ಎನ್ನುವ ಹೆಗಲುಗಳಿಗೆ ಇದೇನೂ ಭಾರವಾಗದು. ಹಿರಿಯರು ಮೊದಲು ತಮ್ಮ ತೋಳನ್ನು ಚಾಚಲಿ; ಮೈಸೂರಿನ ರಾಣಿವಾಸದಲ್ಲಿ ಇನ್ನೂರು ವರ್ಷಗಳ ಹಿಂದೆ ಆದುದು ಬಂಗಾರಪೇಟೆಯ ಓಣಿಯಲ್ಲಿ ಇಂದು ಆಗಬಾರದೇಕೆ?

ಗಣಿಯ ಆಳದಲ್ಲಿ ಬಂಡೆಯು ಕುಸಿಯುವ ಭಯವಿದ್ದೆಡೆಯಲ್ಲೆಲ್ಲ ಮರದ ಆಸರೆಗಳನ್ನು ನಿಲ್ಲಿಸುತ್ತಿದ್ದರು. ಗಟ್ಟಿಯಾದ ಬಂಡೆಗೆ ಆಸರೆಯು ಬೇಕಾಗಿರಲಿಲ್ಲ. ಬಿರುಕುಬಿಟ್ಟ ಬಂಡೆಗೇ ಅದು ಮೊದಲು ಬೇಕಾಗಿದ್ದಿತು. ಅಲ್ಲಿ ದುಡಿದು ಬಂದ ಹಿರಿಯರಿಗೆ ಈ ನ್ಯಾಯವನ್ನು ಬೇರೆಯಾಗಿ ಬೋಧಿಸಬೇಕಾಗಿಲ್ಲ. ಅದನ್ನು ತಮ್ಮ ಶರೀರಕ್ಕೂ ಅನ್ವಯಿಸಿಕೊಳ್ಳುವ ಬುದ್ಧಿಯನ್ನು ಶ್ರೀಗುರುವು ಎಲ್ಲರಿಗೂ ಕರುಣಿಸಲಿ.

 ಶಿವಂ ಭೂಯಾತ್.